ಊರ ಮುಂದಿನ ವೀರಗಲ್ಲು

ಕನ್ನಡನಾಡಿನ ಹಳೆಯ ಹಳ್ಳಿಗಳಲ್ಲಿ ಊರಬಾಗಿಲ ಬಳಿಯಲ್ಲೋ, ಕೆರೆಯ ಏರಿಯ ಮೇಲೋ, ಈಶ್ವರನ ಗುಡಿಯ ಮುಂದೋ, ಹುಣಿಸೆಯ ಮರದ ಬುಡದಲ್ಲೋ ಒಂದು ಚಪ್ಪಟೆಯಾದ ಕಲ್ಲು ನೆಟ್ಟಿರುವುದನ್ನು ನಮ್ಮಲ್ಲಿ ಬಹುಮಂದಿ ನೋಡಿರುವರು. ಅದರ ಮೈಮೇಲೆ ಬಿಲ್ಲನ್ನೋ ಕತ್ತಿಯನ್ನೋ ಹಿಡಿದ ಗಂಡಾಳಿನ ಆಕೃತಿ. ಸುತ್ತಲೂ ಸಣ್ಣ ಸಣ್ಣ ಅಕ್ಷರಗಳು. ಕೆಲವು ಊರುಗಳಲ್ಲಿ ಇದಕ್ಕೆ ಎಣ್ಣೆ ಎರೆದು ಹೂ ಮುಡಿಸುವುದುಂಟು. ಮತ್ತೆ ಕೆಲವು ಊರುಗಳಲ್ಲಿ ಇದರ ಮೇಲೆಯೇ ಬಟ್ಟೆ ಒಗೆಯುವುದೂ ಉಂಟು. ಇದು ಯಾರ ಕಲ್ಲು ಎಂದು ಕೇಳಿದರೆ, ಬಲ್ಲವರು ಅಪರೂಪ. ಇದರ ಹೆಸರು ವೀರಗಲ್ಲು. ಕಾಳಗದಲ್ಲಿ ಮಡಿದ ತನ್ನ ಮಗನನ್ನು ಒಂದು ಹಳ್ಳಿಯು ಹೇಗೆ ನೆನೆಯಬೇಕು ಎಂಬ ಪ್ರಶ್ನೆಗೆ ನಮ್ಮ ಹಿಂದಿನವರು ಕಂಡುಕೊಂಡ ಉತ್ತರ ಇದು. ಆ ಉತ್ತರದ ಅರ್ಥವೇನು, ಅದು ನಮಗೆ ಇಂದಿಗೂ ಏಕೆ ಬೇಕು ಎಂಬುದನ್ನು ವಿಚಾರಮಾಡುವುದೇ ಈ ಭಾಷಣದ ಉದ್ದೇಶ.

ಮೊದಲು, ವೀರಗಲ್ಲನ್ನು ಓದುವ ಕ್ರಮವನ್ನು ತಿಳಿಯೋಣ. ನಾವು ಪುಸ್ತಕವನ್ನು ಮೇಲಿನಿಂದ ಕೆಳಕ್ಕೆ ಓದುತ್ತೇವೆ. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಸಾಮಾನ್ಯವಾಗಿ ಅದರಲ್ಲಿ ಮೂರು ಅಂಕಣಗಳಿರುತ್ತವೆ. ಅತ್ಯಂತ ಕೆಳಗಿನದು ಭೂಮಿಯ ಸಂಗತಿ: ವೀರನು ಹಗೆಗಳೊಡನೆ ಕಾದುತ್ತಿರುವನು, ಕೆಲವೊಮ್ಮೆ ಪಕ್ಕದಲ್ಲಿ ದನಗಳ ಸಾಲು ಕಾಣುವುದು, ಕೆಲವೊಮ್ಮೆ ಕುದುರೆ, ಆನೆಗಳು ಕಾಣುವುವು. ನಡುವಿನ ಅಂಕಣದಲ್ಲಿ ಅಪ್ಸರೆಯರು ಅವನನ್ನು ಇಕ್ಕೆಲದಲ್ಲಿ ಹಿಡಿದು ಮೇಲಕ್ಕೆ ಕರೆದೊಯ್ಯುತ್ತಿರುವರು. ಮೇಲಿನ ಅಂಕಣದಲ್ಲಿ ಅವನು ತನ್ನ ಇಷ್ಟದೈವದ ಸನ್ನಿಧಿಯನ್ನು ಸೇರಿರುವನು. ಶೈವನಾದರೆ ಎದುರಿಗೆ ಲಿಂಗ, ಜೈನನಾದರೆ ಜಿನಬಿಂಬ. ನೆತ್ತಿಯಲ್ಲಿ ಸೂರ್ಯಚಂದ್ರರು. ಇವರಿಬ್ಬರೂ ಇರುವವರೆಗೆ ಈ ಹೆಸರೂ ಇರಲಿ ಎಂಬುದು ಅದರ ಅಭಿಪ್ರಾಯ. ಅಂಕಣಗಳ ನಡುವಿನ ಪಟ್ಟಿಕೆಗಳಲ್ಲಿ ಶಾಸನ: ಆಳುತ್ತಿದ್ದ ಅರಸನ ಹೆಸರು, ಕಾಲ, ಊರು, ಸತ್ತವನ ಹೆಸರು, ಸತ್ತ ಬಗೆ. ಮೂರು ಅಂಕಣಗಳ ಕ್ರಮವು ಎಲ್ಲ ಕಲ್ಲುಗಳಿಗೂ ಒಪ್ಪುವುದಿಲ್ಲ. ಹಳೆಯ ಕಾಲದವು ಅನೇಕವು ಒಂದೇ ಅಂಕಣದವು. ಕೆಲವಕ್ಕೆ ಅಕ್ಷರವೇ ಇಲ್ಲ. ಆದರೆ ಕೆಳಗಿನ ಮಣ್ಣಿನಿಂದ ಮೇಲಿನ ಬೆಳಕಿಗೆ ಏರುವ ಈ ನಡೆಯನ್ನು ಒಮ್ಮೆ ತಿಳಿದುಕೊಂಡರೆ, ಓದುಬರಹ ಬಾರದವನೂ ಈ ಕಲ್ಲನ್ನು ಓದಬಲ್ಲನು. ಹಳ್ಳಿಯವರಿಗಾಗಿ ಹಳ್ಳಿಯಲ್ಲಿ ನಿಂತ ಸ್ಮಾರಕಕ್ಕೆ ಇದಕ್ಕಿಂತ ದೊಡ್ಡ ಗುಣ ಮತ್ತಾವುದು?

ಹೀಗೆ ಕಲ್ಲಿನಲ್ಲಿ ಉಳಿದವರು ಯಾರು? ದೊಡ್ಡ ದಂಡನಾಯಕರೂ ಇದ್ದಾರೆ. ಆದರೆ ಬಹುಮಂದಿ ಒಕ್ಕಲುಮಕ್ಕಳು, ದನಗಾಹಿಗಳು, ಊರ ಕಾವಲಿನವರು, ಗೌಡನ ಮಗನೋ ತಮ್ಮನೋ. ಅವರು ಮಡಿದ ಕಾರಣಗಳನ್ನು ಶಾಸನಗಳೇ ವಿಂಗಡಿಸಿ ಹೇಳುತ್ತವೆ. ತುರುಗೋಳ್ ಎಂದರೆ ಹಗೆಗಳು ಊರ ದನಗಳನ್ನು ಹೊಡೆದುಕೊಂಡು ಹೋಗುವುದು. ಊರಳಿವು ಎಂದರೆ ಊರನ್ನು ಮುತ್ತಿ ಹಾಳುಗೆಡಹುವುದು. ಪೆಣ್ಬುಯ್ಯಲ್ ಎಂದರೆ ಹೆಂಗಸರ ಮೇಲೆ ಕೈಮಾಡಿದಾಗ ಎದ್ದ ಮೊರೆ. ಇವಲ್ಲದೆ ಎಲ್ಲೆಯ ಜಗಳಗಳು ಉಂಟು. ಹುಲಿ ಹಂದಿಗಳೊಡನೆ ಹೋರಾಡಿ ಸತ್ತವರೂ ಉಂಟು. ಇಂದಿನವರಿಗೆ ದನಕ್ಕಾಗಿ ಪ್ರಾಣ ಕೊಡುವುದು ಅತಿಯೆಂದು ತೋರಬಹುದು. ಆದರೆ ಅಂದಿನ ಹಳ್ಳಿಗೆ ದನವೇ ಉಳುಮೆ, ದನವೇ ಗೊಬ್ಬರ, ದನವೇ ಹಾಲು, ದನವೇ ಕೂಡಿಟ್ಟ ಹಣ. ಒಂದು ರಾತ್ರಿಯಲ್ಲಿ ತುರು ಹೋಯಿತೆಂದರೆ ಮುಂದಿನ ಮಳೆಗೆ ನೇಗಿಲು ಕಟ್ಟುವಂತಿಲ್ಲ. ವರ್ಷ ತಿರುಗುವುದರೊಳಗೆ ಊರೇ ಬರಿದಾಗುವುದು. ಆದುದರಿಂದ ದನವನ್ನು ಮರಳಿಸಿ ತಂದು ಮಡಿದವನು ಊರಿನ ಅನ್ನವನ್ನೇ ಮರಳಿಸಿದವನು.

ಇಲ್ಲಿ ಒಂದು ಮಾತನ್ನು ಮರೆಮಾಡಬಾರದು. ದನವನ್ನು ಬಿಡಿಸಲು ಹೋಗಿ ಸತ್ತವನಿಗೆ ಕಲ್ಲು ನಿಂತಂತೆ, ಒಡೆಯನ ಅಪ್ಪಣೆಯ ಮೇರೆಗೆ ದನವನ್ನು ಹಿಡಿಯಲು ಹೋಗಿ ಸತ್ತವನಿಗೂ ಅವನ ಊರಿನಲ್ಲಿ ಕಲ್ಲು ನಿಂತಿದೆ. ಒಂದು ಊರಿನ ವೀರನು ಇನ್ನೊಂದು ಊರಿನ ಕಳ್ಳನಾಗಿದ್ದಿರಬಹುದು. ವೀರಗಲ್ಲು ಯುದ್ಧದ ನ್ಯಾಯಾನ್ಯಾಯವನ್ನು ತೀರ್ಮಾನಿಸುವ ಕಟ್ಟೆಯಲ್ಲ. ನಮ್ಮವನೊಬ್ಬನು ಹೋದನು, ಮರಳಲಿಲ್ಲ, ಅವನ ಹೆಸರು ಇದು ಎಂದಷ್ಟೇ ಅದು ಹೇಳುವುದು.

ಕೆಲವು ಉದಾಹರಣೆಗಳನ್ನು ನೋಡೋಣ. ಬೆಂಗಳೂರಿನ ಹೆಬ್ಬಾಳದಲ್ಲಿ 2018ನೆಯ ಇಸವಿಯಲ್ಲಿ ಚರಂಡಿಯ ಕೆಲಸ ನಡೆಯುತ್ತಿದ್ದಾಗ ಒಂದು ಕಲ್ಲು ಹೊರಬಿದ್ದಿತು. ಗಂಗರ ಶ್ರೀಪುರುಷನ ಆಳ್ವಿಕೆಯ ಕಾಲದ್ದು, ಕ್ರಿ.ಶ. 750ರ ಸುಮಾರಿನದೆಂದು ವಿದ್ವಾಂಸರು ನಿರ್ಣಯಿಸಿರುವರು. ಕಿತ್ತಯ್ಯನೆಂಬ ವೀರನು ಕಾದಿ ಮಡಿದು ಇಂದ್ರಲೋಕವನ್ನು ಸೇರಿದುದನ್ನು ಅದು ತಿಳಿಸುತ್ತದೆ. ಸಾವಿರದ ಇನ್ನೂರೈವತ್ತು ವರ್ಷಗಳಿಗೂ ಮೀರಿ ಮಣ್ಣಿನೊಳಗಿದ್ದ ಹೆಸರು ಒಂದು ಗುದ್ದಲಿಯ ಏಟಿಗೆ ಮರಳಿ ಬೆಳಕಿಗೆ ಬಂದಿತು. ಹೆಬ್ಬಾಳದ ನಿವಾಸಿಗಳು ಆ ಕಲ್ಲಿಗೆ ಒಂದು ಮಂಟಪವನ್ನು ಕಟ್ಟಿಸಿ ಗೌರವಿಸಿದರು.

ಬೆಂಗಳೂರಿಗೆ ಸಮೀಪದ ಬೇಗೂರಿನದು ಇನ್ನೊಂದು ಸಂಗತಿ. ಅಲ್ಲಿಯ ದೇವಾಲಯದ ಆವರಣದಲ್ಲಿರುವ, ಕ್ರಿ.ಶ. 890ರ ಸುಮಾರಿನ ಒಂದು ಶಾಸನವು ಬೆಂಗಳೂರಿನ ಕಾಳಗವನ್ನು ಹೆಸರಿಸಿ, ಅದರಲ್ಲಿ ನಾಗತ್ತರನ ಮಗ ಬುಟ್ಟಣಸೆಟ್ಟಿಯು ಸತ್ತನೆಂದು ತಿಳಿಸುತ್ತದೆ. ಇಂದು ಲಕ್ಷಗಟ್ಟಲೆ ಜನ ನೆಲಸಿರುವ ಮಹಾನಗರದ ಹೆಸರು ನಮಗೆ ಮೊಟ್ಟಮೊದಲು ದೊರೆಯುವುದು ಯಾವ ಅರಸನ ಬಿರುದಾವಳಿಯಲ್ಲಿಯೂ ಅಲ್ಲ. ಒಬ್ಬ ತಂದೆ ಕಳೆದುಕೊಂಡ ಮಗನ ಸಾವಿನ ಸುದ್ದಿಯಲ್ಲಿ. ಅದೇ ಬೇಗೂರಿನ ಮತ್ತೊಂದು ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಆನೆ ಕುದುರೆಗಳ ದೊಡ್ಡ ಕದನವು ಅದರ ಮೇಲೆ ಮೂಡಿದೆ. ನಾಗತ್ತರನು ತುಂಬೆಪಾಡಿಯ ಯುದ್ಧದಲ್ಲಿ ಮಡಿದನೆಂದೂ, ಆಗ ಗಂಗ ದೊರೆಯಾದ ಎರೆಯಪ್ಪನು ಇರುಗನೆಂಬವನಿಗೆ ನಾಗತ್ತರ ಪಟ್ಟವನ್ನು ಕಟ್ಟಿ ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ ಕೊಟ್ಟನೆಂದೂ ಆ ಶಾಸನವು ಹೇಳುವುದು.

ಈ ‘ಕಲ್ನಾಡು’ ಎಂಬ ಮಾತಿನಲ್ಲಿಯೇ ನಮ್ಮ ವಿಷಯದ ತಿರುಳು ಅಡಗಿದೆ. ವೀರಗಲ್ಲು ಬರಿಯ ಕಲ್ಲಲ್ಲ; ಅನೇಕ ಕಲ್ಲುಗಳ ಹಿಂದೆ ಒಂದು ದಾನವಿದೆ. ಸತ್ತವನ ಮನೆಯವರಿಗೆ ಊರೋ ಒಡೆಯನೋ ಬಿಟ್ಟ ಭೂಮಿಗೆ ಹಲವು ಹೆಸರುಗಳುಂಟು. ಕಲ್ಲಿನೊಡನೆ ಬಂದದ್ದು ಕಲ್ನಾಡು. ನೆತ್ತರು ಚೆಲ್ಲಿದ್ದಕ್ಕಾಗಿ ಕೊಟ್ಟದ್ದು ನೆತ್ತರುಗೊಡಗೆ. ಕತ್ತಿಯನ್ನು ತೊಳೆದು ಕೊಟ್ಟದ್ದು ಬಾಳ್ಗಚ್ಚು. ಇದು ಬದುಕಿ ಬಂದ ಶೂರನಿಗೂ ಸಲ್ಲುತ್ತಿತ್ತು. ದಾನವನ್ನು ಕೆಡಿಸಿದವನು ವಾರಣಾಸಿಯಲ್ಲಿ ಗೋವುಗಳನ್ನು ಕೊಂದ ಪಾಪಕ್ಕೆ ಗುರಿಯಾಗಲಿ ಎಂಬ ಶಾಪವನ್ನು ಶಾಸನದ ಕೊನೆಗೆ ಬರೆಯುವುದು ವಾಡಿಕೆ. ಶಾಪವೆಂದರೆ ಇಲ್ಲಿ ಕೋಪವಲ್ಲ, ಕಾವಲು. ಇಂದು ಮರುಗಿದವರು ನಾಳೆ ಮರೆತಾರು. ಮರೆತವರ ಮಕ್ಕಳು ವಿಧವೆಯ ಹೊಲವನ್ನು ಒತ್ತಿಕೊಂಡಾರು ಎಂಬುದನ್ನು ಹಿಂದಿನವರು ಚೆನ್ನಾಗಿ ಬಲ್ಲರು.

ಮಂಡ್ಯ ಜಿಲ್ಲೆಯ ಆತಕೂರಿನ ಶಾಸನವನ್ನು ಇದಕ್ಕೆ ನಿದರ್ಶನವಾಗಿ ನೋಡಬಹುದು. ಕಾಲ ಕ್ರಿ.ಶ. 949-50. ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯನು ಹತನಾದ ಬಳಿಕ, ಗಂಗ ಬೂತುಗನು ತನ್ನ ಮುಂದೆ ನಿಂತು ಕಾದಿದ ಮಣಲೆರನಿಗೆ ಮೆಚ್ಚಿ ಆತಕೂರು ಹನ್ನೆರಡು ಮೊದಲಾದ ಭೂಮಿಯನ್ನು ಬಾಳ್ಗಚ್ಚಾಗಿ ಕೊಟ್ಟನು. ಆದರೆ ಈ ಕಲ್ಲು ನಿಂತದ್ದು ಮಣಲೆರನಿಗಾಗಿ ಅಲ್ಲ. ಅವನು ಬೇಡಿ ಪಡೆದ ‘ಕಾಳಿ’ ಎಂಬ ನಾಯಿಗಾಗಿ. ಆ ನಾಯಿಯು ಒಂದು ದೊಡ್ಡ ಹಂದಿಯೊಡನೆ ಹೋರಾಡಿ, ಹಂದಿಯೂ ನಾಯಿಯೂ ಒಟ್ಟಿಗೆ ಸತ್ತುವು. ಚಲ್ಲೇಶ್ವರ ಗುಡಿಯ ಮುಂದೆ ಅದಕ್ಕೆ ಕಲ್ಲು ನಿಲ್ಲಿಸಿ ಭೂಮಿಯನ್ನು ಬಿಟ್ಟರು. ಅಲ್ಲಿ ಪೂಜೆ ಮಾಡುವ ಗೊರವನು ಈ ಕಲ್ಲನ್ನು ಪೂಜಿಸದೆ ಉಂಡರೆ ಪಾಪಕ್ಕೆ ಗುರಿಯಾಗುವನೆಂದು ಕಟ್ಟುಮಾಡಿದರು. ನೆನಪನ್ನು ಮನಸ್ಸಿನ ಮೇಲೆ ಬಿಡದೆ, ದಿನದ ಊಟಕ್ಕೆ ಮೊದಲಿನ ಕರ್ತವ್ಯವಾಗಿ ಹೊರಿಸಿದ ಜಾಣ್ಮೆಯನ್ನು ಗಮನಿಸಿರಿ.

ಇಷ್ಟರಿಂದ ಒಂದು ಸಂಗತಿ ಸ್ಪಷ್ಟವಾಗುವುದು. ವೀರಗಲ್ಲಿನ ನೆನಪಿಗೆ ಮೂರು ಅಂಗಗಳು. ಮೊದಲನೆಯದು ಹೆಸರು, ಸತ್ತವನು ಇಂಥವನೇ ಎಂಬುದು. ಎರಡನೆಯದು ಸಂಗತಿ, ಎಲ್ಲಿ, ಯಾವಾಗ, ಏತಕ್ಕಾಗಿ ಸತ್ತನೆಂಬುದು. ಮೂರನೆಯದು ಋಣ, ಉಳಿದವರು ಅವನ ಮನೆಗೆ ಏನು ಕೊಡಬೇಕೆಂಬುದು. ಈ ಮೂರನ್ನೂ ಅಳತೆಗೋಲಾಗಿ ಇಟ್ಟುಕೊಂಡು ಈಗ ನಮ್ಮ ಕಾಲಕ್ಕೆ ಸಮೀಪದ ಯುದ್ಧದ ಕಡೆಗೆ ತಿರುಗೋಣ.

1914ರಲ್ಲಿ ಮೊದಲನೆಯ ಮಹಾಯುದ್ಧವು ಆರಂಭವಾದಾಗ ಭಾರತದ ಹಳ್ಳಿಗಳಿಂದ ಲಕ್ಷಾಂತರ ಮಂದಿ ಕಡಲನ್ನು ದಾಟಿ ಹೋದರು. ಮೈಸೂರು ಸಂಸ್ಥಾನದ ಅಶ್ವದಳವಾದ ಮೈಸೂರು ಲ್ಯಾನ್ಸರ್ಸ್ ಪಡೆಯೂ ಈಜಿಪ್ಟಿಗೆ ಹೊರಟು, ಹೈದರಾಬಾದು, ಜೋಧಪುರ ಮೊದಲಾದ ಸಂಸ್ಥಾನಗಳ ಸವಾರರೊಡನೆ ಒಂದೇ ದಳವಾಗಿ ಸೇರಿತು. 1918ರ ಸೆಪ್ಟೆಂಬರ್ 23ರಂದು ಈ ದಳವು ಪ್ಯಾಲೆಸ್ತೀನಿನ ಹೈಫಾ ಬಂದರನ್ನು ಹಿಡಿಯಿತು. ಒಂದು ಕಡೆ ಕಾರ್ಮೆಲ್ ಬೆಟ್ಟ, ಇನ್ನೊಂದು ಕಡೆ ಕಿಷೋನ್ ನದಿಯ ಕೆಸರು. ಎದುರಿಗೆ ತೋಪುಗಳೂ ಯಂತ್ರಬಂದೂಕುಗಳೂ. ಜೋಧಪುರದ ಸವಾರರು ಪಟ್ಟಣದ ಮೇಲೆ ನುಗ್ಗಿದರು. ಮೈಸೂರಿನವರು ಬೆಟ್ಟದ ಇಳಿಜಾರಿನ ತೋಪುಗಳ ಮೇಲೆ ಏರಿ ಹೋದರು. ಭರ್ಜಿ ಹಿಡಿದ ಕುದುರೆಯ ಸವಾರರಿಗೆ 1,350 ಮಂದಿ ಸೆರೆಸಿಕ್ಕರು. 17 ತೋಪುಗಳು ವಶವಾದುವು. ದಳದಲ್ಲಿ ಮಡಿದವರು 8 ಮಂದಿ, ಗಾಯಗೊಂಡವರು 34 ಮಂದಿ. ಇದಾದ ಮೇಲೆ ಅಕ್ಟೋಬರ್ 26ರಂದು ಅಲೆಪ್ಪೋ ನಗರದ ಉತ್ತರಕ್ಕಿರುವ ಹರಿತಾನಿನಲ್ಲಿ ಮೈಸೂರು, ಜೋಧಪುರಗಳ ಸವಾರರು ತಮಗಿಂತ ಬಹಳ ದೊಡ್ಡ ಸೈನ್ಯದ ಮೇಲೆ ಬಿದ್ದರು. ಅಲ್ಲಿ 21 ಮಂದಿ ಸತ್ತರು. ಅದಾದ ಐದೇ ದಿನಕ್ಕೆ ತುರ್ಕರೊಡನೆ ಯುದ್ಧವು ನಿಂತಿತು. ಐದು ದಿನ ತಡೆದಿದ್ದರೆ ಆ ಇಪ್ಪತ್ತೊಂದು ಮಂದಿಯೂ ಮನೆಗೆ ಮರಳುತ್ತಿದ್ದರು.

ಇವರ ನೆನಪಿಗೆ ಏನಾಯಿತು? ನವದೆಹಲಿಯಲ್ಲಿ 1922ರಲ್ಲಿ ಮೂವರು ಸವಾರರ ಕಂಚಿನ ಪ್ರತಿಮೆಗಳನ್ನು ನಿಲ್ಲಿಸಿದರು: ಹೈದರಾಬಾದಿಗೆ ಒಂದು, ಜೋಧಪುರಕ್ಕೆ ಒಂದು, ಮೈಸೂರಿಗೆ ಒಂದು. ಅದರಿಂದಲೇ ಆ ಸ್ಥಳಕ್ಕೆ ತೀನ್‌ಮೂರ್ತಿ ಎಂಬ ಹೆಸರು ಬಂದಿತು. 2018ರಲ್ಲಿ ಆ ಹೆಸರಿಗೆ ಹೈಫಾ ಎಂಬುದೂ ಕೂಡಿಕೊಂಡಿತು. ಬೆಂಗಳೂರಿನ ಜಯಚಾಮರಾಜೇಂದ್ರ ನಗರದಲ್ಲಿಯೂ ಮೈಸೂರು ಲ್ಯಾನ್ಸರ್ಸ್ ಸ್ಮಾರಕಸ್ತಂಭವಿದೆ. ಇವು ಪಡೆಯ ಸ್ಮಾರಕಗಳು, ನಗರದಲ್ಲಿರುವುವು. ಸವಾರನು ಹುಟ್ಟಿದ ಊರಿಗೆ, ಅವನಿಗಾಗಿ ಕಾದು ಕುಳಿತ ಜಗಲಿಗೆ ಬಹು ದೂರದವು.

ಹಳ್ಳಿಗಳಲ್ಲಿ ಏನನ್ನೂ ನಿಲ್ಲಿಸಲಿಲ್ಲವೇ ಎಂದರೆ, ನಿಲ್ಲಿಸಿದರು. ಯುದ್ಧವು ಮುಗಿದ ಬಳಿಕ ಅಂದಿನ ಸರ್ಕಾರವು ಭಾರತದ ಹಲವು ಪ್ರಾಂತಗಳ ಹಳ್ಳಿಗಳಲ್ಲಿ ಚಿಕ್ಕ ಚಿಕ್ಕ ಕಲ್ಲಿನ ಫಲಕಗಳನ್ನು ಗೋಡೆಗಳಲ್ಲಿ ಕೂರಿಸಿತು. 1914ರಿಂದ 1919ರವರೆಗಿನ ಮಹಾಯುದ್ಧಕ್ಕೆ ಈ ಊರಿನಿಂದ ಇಷ್ಟು ಮಂದಿ ಹೋದರು, ಅವರಲ್ಲಿ ಇಷ್ಟು ಮಂದಿ ಪ್ರಾಣ ಕೊಟ್ಟರು ಎಂದು ಅವುಗಳಲ್ಲಿ ಬರೆದಿದೆ. ಮಹಾರಾಷ್ಟ್ರದ ಸಾತಾರಾ ಜಿಲ್ಲೆಯ ಅಪ್ಶಿಂಗೆ ಎಂಬ ಒಂದೇ ಹಳ್ಳಿಯಿಂದ ಆ ಯುದ್ಧದಲ್ಲಿ 46 ಮಂದಿ ಮಡಿದರು. ಒಂದು ಹಳ್ಳಿಗೆ ನಲವತ್ತಾರು ಎಂಬುದು ಸಣ್ಣ ಸಂಖ್ಯೆಯಲ್ಲ. ಹೆಚ್ಚು ಕಡಿಮೆ ಪ್ರತಿಯೊಂದು ಬೀದಿಯಲ್ಲೂ ಸೂತಕ.

ಈ ಫಲಕಗಳು ಸುಳ್ಳನ್ನು ಹೇಳುವುದಿಲ್ಲ. ಹೋದವರಲ್ಲಿ ದೊಡ್ಡವರು ಚಿಕ್ಕವರೆಂಬ ಭೇದವನ್ನೂ ಮಾಡುವುದಿಲ್ಲ. ನಷ್ಟವು ಊರಿಗೆಲ್ಲ ಸೇರಿದ್ದೆಂದು ಸಾರುತ್ತವೆ. ಅಷ್ಟರಮಟ್ಟಿಗೆ ಅವು ಮಾನ್ಯವೇ. ಆದರೆ ಸಾಮಾನ್ಯವಾಗಿ ಅವುಗಳಲ್ಲಿ ಹೆಸರಿಲ್ಲ. ಎಲ್ಲಿ ಸತ್ತರೆಂಬುದಿಲ್ಲ. ಯಾರ ಮಗನೆಂಬುದಿಲ್ಲ. ತಾಯಿಯೊಬ್ಬಳು ಆ ಕಲ್ಲಿನ ಮುಂದೆ ನಿಂತು ತನ್ನ ಮಗನನ್ನು ಹುಡುಕಿದರೆ ಅವಳಿಗೆ ಸಿಕ್ಕುವುದು ಒಂದು ಅಂಕಿ. ನಮ್ಮ ಹಳೆಯ ಆತಕೂರು ಒಂದು ನಾಯಿಯ ಹೆಸರನ್ನು ಸಾವಿರ ವರ್ಷ ಉಳಿಸಿತು. ಇಪ್ಪತ್ತನೆಯ ಶತಮಾನದ ದೊಡ್ಡ ಸಾಮ್ರಾಜ್ಯವು ತನಗಾಗಿ ಸತ್ತ ಮನುಷ್ಯನ ಹೆಸರನ್ನು ಅವನ ಊರಿನಲ್ಲಿ ಬರೆಯಿಸಲಿಲ್ಲ.

ಹಳ್ಳಿಯ ಫಲಕದಲ್ಲಿ ಸ್ಥಳವಿರಲಿಲ್ಲವೆಂದು ಸಮಾಧಾನ ಹೇಳಬಹುದು. ಆದರೆ ಬಹು ದೊಡ್ಡ ಸ್ಮಾರಕದಲ್ಲಿಯೂ ಇದೇ ನಡೆಯಿತು. ಇರಾಕಿನ ಬಾಸ್ರಾ ಸ್ಮಾರಕದಲ್ಲಿ ಬ್ರಿಟಿಷ್ ಸೈನಿಕರ ಹೆಸರುಗಳನ್ನೂ ಭಾರತೀಯ ಅಧಿಕಾರಿಗಳ ಹೆಸರುಗಳನ್ನೂ ಕೆತ್ತಿದರು. ಸಾಮಾನ್ಯ ಭಾರತೀಯ ಸಿಪಾಯಿಗಳನ್ನು ಮಾತ್ರ ಪಡೆಯ ಹೆಸರಿನ ಕೆಳಗೆ ಸಂಖ್ಯೆಯಾಗಿ ಕಾಣಿಸಿದರು. ಯುದ್ಧದಲ್ಲಿ ಮಡಿದವರ ಸಮಾಧಿಗಳನ್ನು ನೋಡಿಕೊಳ್ಳಲು 1917ರಲ್ಲಿ ಸ್ಥಾಪಿತವಾದ ಆಯೋಗವು, ಅಂತಸ್ತು ನೋಡದೆ ಎಲ್ಲರನ್ನೂ ಸಮಾನವಾಗಿ, ಹೆಸರು ಹಿಡಿದು ನೆನೆಯಬೇಕೆಂಬ ನಿಯಮವನ್ನು ತಾನೇ ಮಾಡಿಕೊಂಡಿತ್ತು. ಆ ನಿಯಮವು ಏಷ್ಯ ಆಫ್ರಿಕಗಳ ಸೈನಿಕರ ವಿಷಯದಲ್ಲಿ ನಡೆಯಲಿಲ್ಲವೆಂದು 2021ರಲ್ಲಿ ಆ ಆಯೋಗವೇ ಪ್ರಕಟಿಸಿದ ವರದಿಯು ಒಪ್ಪಿಕೊಂಡಿತು. ಹೆಸರು ಹಿಡಿದು ನೆನೆಯದೆ ಹೋದವರ, ಇಲ್ಲವೆ ನೆನೆಯದೆಯೇ ಹೋದವರ ಸಂಖ್ಯೆಯು ಕನಿಷ್ಠಪಕ್ಷ 1,16,000 ಎಂಬುದು ಆ ವರದಿಯ ಅಂದಾಜು.

ಹೆಸರುಗಳು ಎಲ್ಲಿಯೂ ಇರಲೇ ಇಲ್ಲವೆಂದು ತಿಳಿಯಬಾರದು. ಪಂಜಾಬಿನಲ್ಲಿ ಯುದ್ಧದ ತರುವಾಯ ಹಳ್ಳಿ ಹಳ್ಳಿಯಾಗಿ ಪಟ್ಟಿ ಮಾಡಿದ ಸುಮಾರು 3,20,000 ಸೈನಿಕರ ದಾಖಲೆಗಳು ಲಾಹೋರಿನ ವಸ್ತುಸಂಗ್ರಹಾಲಯದಲ್ಲಿ ಬಹುಕಾಲ ಯಾರ ಕಣ್ಣಿಗೂ ಬೀಳದೆ ಇದ್ದುವು. ಅವುಗಳಲ್ಲಿ ಒಂದು ಭಾಗವು 2021ರಲ್ಲಿ ಎಲ್ಲರಿಗೂ ದೊರೆಯುವಂತೆ ಪ್ರಕಟವಾದ ಮೇಲೆ, ಮುತ್ತಾತಂದಿರ ಊರಿನ ಹೆಸರು ಹಿಡಿದು ಅವರ ಸುಳಿವನ್ನು ಹುಡುಕಲು ಮೊಮ್ಮಕ್ಕಳ ಮಕ್ಕಳಿಗೆ ಸಾಧ್ಯವಾಯಿತು. ಬರೆದಿಟ್ಟ ಹೆಸರು ನೂರು ವರ್ಷ ಮಲಗಿದ್ದರೂ ಎದ್ದು ಬರಬಲ್ಲದು. ಬರೆಯದೆ ಬಿಟ್ಟ ಹೆಸರನ್ನು ಯಾರು ತಾನೆ ಎಬ್ಬಿಸಬಲ್ಲರು?

ಸ್ವತಂತ್ರ ಭಾರತವು ಈ ಪಾಠವನ್ನು ಒಂದು ಮಟ್ಟಿಗೆ ಕಲಿತಿದೆ. ನವದೆಹಲಿಯಲ್ಲಿ 2019ರ ಫೆಬ್ರವರಿ 25ರಂದು ಲೋಕಾರ್ಪಣೆಯಾದ ರಾಷ್ಟ್ರೀಯ ಸಮರ ಸ್ಮಾರಕದಲ್ಲಿ, ಸ್ವಾತಂತ್ರ್ಯಾನಂತರ ಮಡಿದ 25,000ಕ್ಕೂ ಹೆಚ್ಚು ಮಂದಿಯ ಹೆಸರುಗಳು ಒಂದೊಂದಾಗಿ ಕಲ್ಲಿನಲ್ಲಿ ಕಾಣುತ್ತವೆ. ಇದು ಸಂತೋಷದ ಸಂಗತಿ. ಆದರೂ ದೆಹಲಿಯ ಗೋಡೆಯ ಮೇಲಿನ ಹೆಸರು, ಊರ ಮುಂದಿನ ಹೆಸರಿನ ಕೆಲಸವನ್ನು ಮಾಡಲಾರದು. ಅಲ್ಲಿ ಅದು ಸಾವಿರಾರು ಹೆಸರುಗಳಲ್ಲಿ ಒಂದು. ಇಲ್ಲಿ ಅದು ಇಂಥ ಮನೆಯ, ಇಂಥ ಹೊಲದ, ಇಂಥವರ ಜೊತೆಯಲ್ಲಿ ಆಡಿ ಬೆಳೆದ ಹುಡುಗ. ಊರಿನ ನೆನಪು ಊರಿನಲ್ಲಿಯೇ ಇರಬೇಕು.

ಹಾಗಾದರೆ ನಾವು ಮಾಡತಕ್ಕದ್ದೇನು? ಎರಡು ಕೆಲಸಗಳಿವೆ, ಎರಡಕ್ಕೂ ಹೆಚ್ಚಿನ ಹಣ ಬೇಕಿಲ್ಲ.

ಮೊದಲನೆಯದು, ಇರುವ ಕಲ್ಲುಗಳನ್ನು ಉಳಿಸುವುದು. ಬಿ. ಎಲ್. ರೈಸ್ ಅವರೂ ಅವರ ತರುವಾಯ ಆರ್. ನರಸಿಂಹಾಚಾರ್ಯರೂ ಊರೂರು ಅಲೆಸಿ ಓದಿಸಿ ಪ್ರಕಟಿಸಿದ ಶಾಸನಗಳಲ್ಲಿ ಎಷ್ಟೋ ಕಲ್ಲುಗಳು ಇಂದು ಇದ್ದ ಸ್ಥಳದಲ್ಲಿ ಇಲ್ಲ. ರಸ್ತೆಯ ಅಗಲೀಕರಣದಲ್ಲಿ ಕೆಲವು ಹೋದುವು; ಕೆಲವು ಚರಂಡಿಯ ಮೇಲಿನ ಚಪ್ಪಡಿಗಳಾದುವು; ಕೆಲವು ಪಾಯದೊಳಗೆ ಸೇರಿದುವು. ನಿಮ್ಮ ಊರಿನಲ್ಲಿ ಇಂಥ ಕಲ್ಲು ಇದ್ದರೆ ಅದನ್ನು ಅಲುಗಿಸಬೇಡಿರಿ; ಬಣ್ಣ ಬಳಿಯಬೇಡಿರಿ; ಉಳಿಯಿಂದಲೋ ತಂತಿಯ ಕುಂಚದಿಂದಲೋ ಉಜ್ಜಬೇಡಿರಿ. ತಣ್ಣೀರು ಮತ್ತು ಮೆತುವಾದ ನಾರಿನ ಕುಂಚ ಸಾಕು. ಬೆಳಗಿನ ಅಥವಾ ಸಂಜೆಯ ಓರೆಬಿಸಿಲಿನಲ್ಲಿ ಅಕ್ಷರಗಳು ಎದ್ದು ಕಾಣುತ್ತವೆ. ಆಗ ಛಾಯಾಚಿತ್ರವನ್ನು ತೆಗೆಯಿರಿ. ಹಳಗನ್ನಡ ಲಿಪಿಯನ್ನು ಬಲ್ಲವರಿಗೆ ತೋರಿಸಿರಿ. ಪುರಾತತ್ತ್ವ ಇಲಾಖೆಗೆ ತಿಳಿಸಿರಿ. ಓದಿಸಿದ ಮೇಲೆ ಆ ಹೆಸರನ್ನು ಊರ ಶಾಲೆಯ ಮಕ್ಕಳಿಗೆ ಹೇಳಿಕೊಡಿರಿ. ಓದಿದ ಕಲ್ಲಿನ ಮೇಲೆ ಯಾರೂ ಬಟ್ಟೆ ಒಗೆಯುವುದಿಲ್ಲ.

ಎರಡನೆಯದು, ಇಲ್ಲದ ಕಲ್ಲುಗಳ ಪಟ್ಟಿಯನ್ನು ಬರೆಯುವುದು. ಎರಡು ಮಹಾಯುದ್ಧಗಳಿಗೂ, 1962, 1965, 1971, 1999ರ ಯುದ್ಧಗಳಿಗೂ ನಿಮ್ಮ ಊರಿನಿಂದ ಯಾರು ಹೋದರು, ಯಾರು ಮರಳಲಿಲ್ಲ ಎಂಬುದನ್ನು ಹಿರಿಯರಿಂದ ಕೇಳಿ ತಿಳಿಯಿರಿ. ಹಳೆಯ ಪೆಟ್ಟಿಗೆಗಳಲ್ಲಿ ಒಂದು ಪದಕವೋ, ಪಿಂಚಣಿಯ ಕಾಗದವೋ, ಮಾಸಿದ ಚಿತ್ರವೋ ಇದ್ದೀತು. ಹೆಸರು, ಪಡೆ, ಸತ್ತ ಸ್ಥಳ, ಕಾಲ, ಬಿಟ್ಟುಹೋದ ಮನೆಯವರು, ಇಷ್ಟನ್ನು ಒಂದು ಪುಸ್ತಕದಲ್ಲಿ ಬರೆದು ಊರಿನ ಶಾಲೆಯಲ್ಲೋ ಪಂಚಾಯಿತಿಯಲ್ಲೋ ಇಡಿರಿ. ಕಲ್ಲನ್ನು ಮುಂದೆ ನಿಲ್ಲಿಸಬಹುದು. ಹೇಳಬಲ್ಲ ಮುದುಕರು ಮುಂದೆ ಇರುವುದಿಲ್ಲ.

ಇವೆರಡರ ಮೇಲೆ ಮೂರನೆಯದಾದ ಋಣವನ್ನು ಮರೆಯಬಾರದು. ಹಿಂದಿನವರು ಕಲ್ಲು ನೆಟ್ಟು ಸುಮ್ಮನಾಗಲಿಲ್ಲ, ಹೊಲವನ್ನು ಬಿಟ್ಟುಕೊಟ್ಟರು. ಇಂದು ಪಿಂಚಣಿಯನ್ನು ಕೊಡುವ ಹೊಣೆಯನ್ನು ಸರ್ಕಾರವು ಹೊತ್ತಿದೆ. ಆದರೆ ಆ ಪಿಂಚಣಿಗಾಗಿ ವಿಧವೆಯೊಬ್ಬಳು ಕಚೇರಿಯಿಂದ ಕಚೇರಿಗೆ ಅಲೆಯುತ್ತಿರುವಾಗ ಜೊತೆಗೆ ಹೋಗಿ ಅರ್ಜಿ ಬರೆದುಕೊಡುವ ನೆರೆಯವನು ಬೇಕು. ಅವಳ ಮಕ್ಕಳ ಓದು ನಿಲ್ಲದಂತೆ ನೋಡುವ ಊರು ಬೇಕು. ಅವಳ ಪಾಲಿನ ಹೊಲಕ್ಕೆ ನೀರಿನ ಸರದಿ ತಪ್ಪದಂತೆ ಕಾಯುವ ಪಂಚರು ಬೇಕು. ನೆತ್ತರುಗೊಡಗೆ ಎಂಬ ಹಳೆಯ ಮಾತಿನ ಹೊಸ ಅರ್ಥ ಇದು. ಹೂವಿನ ಹಾರಕ್ಕೆ ಒಂದು ದಿನದ ಆಯುಸ್ಸು. ಈ ಕೆಲಸಕ್ಕೆ ಒಂದು ತಲೆಮಾರಿನ ಆಯುಸ್ಸು.

ಯುದ್ಧವು ಒಳ್ಳೆಯದೆಂದು ವೀರಗಲ್ಲು ನಮಗೆ ಕಲಿಸಬೇಕಾಗಿಲ್ಲ. ಸತ್ತವನನ್ನು ಸಂಖ್ಯೆಯನ್ನಾಗಿ ಮಾಡಬಾರದೆಂದು ಅದು ಕಲಿಸಿದರೆ ಸಾಕು. ಹೆಸರು ಹಿಡಿದು ಎಣಿಸುವ ಜನರು ಸಾವನ್ನು ಹಗುರವಾಗಿ ಎಣಿಸಲಾರರು. ಮುಂದಿನ ಕಾಳಗಕ್ಕೆ ಮಕ್ಕಳನ್ನು ಕಳುಹಿಸುವ ಮೊದಲು ಅವರು ಒಂದು ಗಳಿಗೆಯಾದರೂ ಯೋಚಿಸುವರು.